ಭಾನುವಾರದ ಡಬ್ಬಗಳು

ಮದ್ದೂರು,
ಭಾನುವಾರ, 16-11-2025

ಅವ್ವಾ ಶಾಲಿನಿ,

ನಿನ್ನ ಮಾವ ಚಿಕ್ಕಬೋರಯ್ಯ ಬರೆಯುವ ಕಾಗದ. ಮೊದಲು ನಿಮ್ಮವ್ವನ ಸೊಂಟ ಹೇಗಿದೆ ಹೇಳು. ವಾಕರ್ ಹಿಡಿದು ಬಚ್ಚಲ ತನಕ ಹೋಗಿ ಬರುತ್ತಾರೆ ಎಂದು ಮಗ ಕೆಂಪರಾಜು ಹೇಳಿದ. ನೋವು ತಗ್ಗಿದೆಯಾ, ಮಗ್ಗುಲು ಬದಲಾಯಿಸಿ ಮಲಗಲು ಆಗುತ್ತದೆಯಾ? ನಿನ್ನ ಬೆರಳು ಏನಾಯಿತು? ಸೂಜಿ ಹೊಕ್ಕ ಗಾಯ ಮೇಲೆ ಮಾಗಿದರೂ ಒಳಗೆ ಸೆಳೆಯುತ್ತದೆ, ಈ ಚಳಿಗೆ ತಣ್ಣೀರಲ್ಲಿ ಪಾತ್ರೆ ತೊಳೆಯಬೇಡ, ಒಂದು ಚೊಂಬು ಬಿಸಿನೀರು ಬೆರೆಸಿಕೋ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಮಗಳು ನಾಗಶ್ರೀಗೆ ನಾಳೆ ಪರೀಕ್ಷೆ ಇರುವುದರಿಂದ ಈ ಶನಿವಾರ ನಿನ್ನ ಹತ್ತಿರ ಕಳಿಸಲಿಲ್ಲ, ಅದಕ್ಕೆ ನನ್ನ ಮೇಲೆ ಮುನಿಸಿಕೊಂಡು ಮೂಲೆಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದಾಳೆ. ಮುನಿಸಿಕೊಂಡಾಗ ನಿನ್ನ ಹಾಗೆಯೇ, ಮಾತಿಲ್ಲ, ಕೆಲಸ ಮಾತ್ರ ನಿಲ್ಲುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಗಂಡನ ಹತ್ತಿರ, ಮಗಳ ಹತ್ತಿರ ಮಾತಾಡಿ ಮುಗಿಸಿ ಕೊನೆಗೆ “ಮಾವ ಉಂಡ್ರಾ?” ಎನ್ನುತ್ತೀಯ. ನಾನು ಉಂಡೆ ಎನ್ನುತ್ತೇನೆ. ಅಲ್ಲಿಗೆ ನಮ್ಮಿಬ್ಬರ ಮಾತು ತೀರಿತು. ನಿಮ್ಮವ್ವ ಬಿದ್ದರೆಂದು ನೀನು ಕೆರಗೋಡಿಗೆ ಹೋಗಿ ಇವತ್ತಿಗೆ ಏಳು ವಾರ. ಏಳು ವಾರವೂ ಹೀಗೇ ನಡೆದಿದೆ. ಮಳವಳ್ಳಿ ಕಡೆಯ ಬ್ಲಫಿನ ಪವರ್‌ಹೌಸಿನಲ್ಲಿ ಮೂವತ್ತನಾಲ್ಕು ವರ್ಷ ಗಂಟೆಗೊಮ್ಮೆ ಲಾಗ್‌ಬುಕ್ ಬರೆದವನು ನಾನು. ಬಾಯಲ್ಲಿ ಬಾರದ್ದು ಕೈಯಲ್ಲಿ ಬಂದೀತು ಎಂದು ಪೆನ್ನು ಹಿಡಿದಿದ್ದೇನೆ. ನಾಳೆ ಕೆಂಪರಾಜು ಫ್ಯಾಕ್ಟರಿ ಕೆಲಸ ಮುಗಿಸಿ ಅತ್ತ ಬರುತ್ತಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ.

ಆಷಾಢದ ಆ ಸೋಮವಾರ ನಮ್ಮ ಮನೆಯಲ್ಲಿ ನಡೆದದ್ದು ನಿನಗೆ ಗೊತ್ತು. ನನ್ನ ಕಡೆಯಿಂದ ಅದು ಹೇಗೆ ನಡೆಯಿತು ಎಂಬುದು ಗೊತ್ತಿಲ್ಲ. ನಿಮ್ಮತ್ತೆ ಮಂಚಮ್ಮ ತೀರಿಕೊಂಡ ಮೇಲೆ ಮಳವಳ್ಳಿಯ ಬಾಡಿಗೆ ಮನೆ ಬಿಟ್ಟು ನಾನು ನಿಮ್ಮ ಜೊತೆಗೆ ಬಂದೆ. ಅವಳು ಇರುವ ತನಕ ಮೂರು ಹೊತ್ತೂ ಒಲೆಯಿಂದ ನೇರ ತಟ್ಟೆಗೇ ಬಡಿಸಿದವಳು. ಇಲ್ಲಿಗೆ ಬಂದರೆ ನೀವಿಬ್ಬರೂ ಬೆಳಗಾಗುವ ಮೊದಲೇ ಸೋಮನಹಳ್ಳಿಗೆ ಹೊರಡುವವರು, ಅವನು ಫ್ಯಾಕ್ಟರಿಗೆ, ನೀನು ಗಾರ್ಮೆಂಟ್ಸಿಗೆ. ತಿಂಡಿ ಹೈವೇ ಹೋಟೆಲಿನಲ್ಲಿ, ಸಂಜೆ ಬರುವಾಗ ಪಾರ್ಸಲು, ನಾಗಶ್ರೀಗೆ ಬೇಕರಿಯ ಬನ್ನು. ಸಂಬಳದ ಮೂರನೇ ಒಂದು ಪಾಲು ಹೋಟೆಲಿನವನಿಗೇ ಹೋಗುತ್ತಿದೆ ಎಂದು ಒಂದು ದಿನ ನೀನು ಗಂಡನಿಗೆ ಹೇಳಿದ್ದು ನನಗೆ ಕೇಳಿಸಿತ್ತು. ಅದಾದ ಮುಂದಿನ ಭಾನುವಾರವೇ ನೀನು ಶುರು ಮಾಡಿದೆ. ಸಂತೆಯಿಂದ ವಾರಕ್ಕೆ ಬೇಕಾದ ತರಕಾರಿ ಒಂದೇ ಸಲ ಬಂತು. ಬೆಳ್ಳುಳ್ಳಿ ಬಿಡಿಸಿ ಸೀಸೆಗೆ ತುಂಬಿದೆ. ಉಪ್ಸಾರಿನ ಖಾರ ಒಂದು ವಾರಕ್ಕಾಗುವಷ್ಟು ರುಬ್ಬಿದೆ. ಹೆಸರುಕಾಳು ಬಟ್ಟೆಯಲ್ಲಿ ಮೊಳಕೆ ಕಟ್ಟಿದೆ, ಹುರುಳಿ ಬೇಯಿಸಿ ಬಸಿದೆ, ದೋಸೆ ಹಿಟ್ಟು ಎತ್ತಿಟ್ಟೆ. ಎಲ್ಲಾ ಡಬ್ಬದ ಮೇಲೂ ಸೋಮ, ಮಂಗಳ, ಬುಧ ಎಂದು ಚೀಟಿ ಅಂಟಿಸಿ ಫ್ರಿಜ್ಜಿನೊಳಗೆ ಸಾಲಾಗಿ ಜೋಡಿಸಿದೆ. ಕೆಂಪರಾಜು ಹೋಟೆಲು ಬಿಟ್ಟ. ನಾಗಶ್ರೀಯ ಹೊಟ್ಟೆನೋವು ನಿಂತಿತು. ನಾನು ಅದನ್ನು ನೋಡಿದರೂ ನೋಡದವನ ಹಾಗಿದ್ದೆ. ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ನನ್ನ ಪಾಲಿನ ಸಾರನ್ನು ಮಾತ್ರ ನೀನು ದಿನಾ ಬೇರೆಯಾಗಿ, ಬಿಸಿಯಾಗಿ ಮಾಡಿಡುತ್ತಿದ್ದೆ. ಅದಕ್ಕಾಗಿ ಅರ್ಧ ಗಂಟೆ ಮೊದಲೇ ಏಳುತ್ತಿದ್ದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಆ ಸೋಮವಾರ ನಿನಗೆ ರಜೆ ಇತ್ತು. ಪವರ್‌ಹೌಸಿನ ಗೆಳೆಯ, ನಮ್ಮೂರಿನವನೇ ಆದ ಜವರಯ್ಯ ಹೇಳದೆ ಕೇಳದೆ ಮಳವಳ್ಳಿಯಿಂದ ಬಂದ, ಉಂಡುಕೊಂಡು ಹೋಗು ಎಂದೆ. ನೀನು ಮುದ್ದೆ ಬಿಸಿಯಾಗಿ ತಿರುವಿದೆ, ಸಾರನ್ನು ಸೋಮವಾರದ ಡಬ್ಬದಿಂದ ತೆಗೆದು ಕುದಿಸಿದೆ. ಅವನು ಚೀಟಿ ಅಂಟಿಸಿದ ಡಬ್ಬ ನೋಡಿ ನಕ್ಕ. “ಏನ್ಲಾ ಬೋರ, ನಿಮ್ಮವ್ವನ ಕಾಲ ತಿರಿಕ್ಕಂಡು ಬಂತಾ? ತಂಗಳು ಉಣ್ಣಾಕೆ ಕರೆದ್ಯೇನ್ಲಾ?” ಅವನು ತಮಾಷೆಗೆ ಅಂದ. ನಾನು ತಟ್ಟೆ ದೂಡಿ ಎದ್ದೆ. ಎದ್ದವನೇ ಫ್ರಿಜ್ಜಿನಲ್ಲಿದ್ದ ಡಬ್ಬಗಳನ್ನೆಲ್ಲ ತಬ್ಬಿಕೊಂಡು ಬೀದಿಗೆ ಹೋಗಿ ಒಂದೊಂದಾಗಿ ಚರಂಡಿಗೆ ಸುರಿದೆ. ಬೀದಿಯವರು ಬಾಗಿಲಿಗೆ ಬಂದು ನಿಂತರು. “ಇನ್ನೊಬ್ರ ಮನೆ ತಂಗಳು ತಿಂದು ಬೆಳ್ದೋನು ಕಣವ್ವ ನಾನು. ನನ್ ಮನೇಲಿ ನನ್ ಮುಂದೆ ತಂಗಳು ಮಡಗ್‌ಬ್ಯಾಡ” ಎಂದು ಕೂಗಿದೆ. ನೀನು ಬೀದಿಗೆ ಇಳಿದು ಬಂದೆ. ಖಾಲಿ ಡಬ್ಬಗಳನ್ನು ಆಯ್ದುಕೊಂಡು ಹೋಗಿ ತೊಳೆದು ಬೋರಲು ಹಾಕಿದೆ. ಚೀಟಿಗಳು ನೀರಿನಲ್ಲಿ ಬಿಟ್ಟುಕೊಂಡು ಬಚ್ಚಲ ಜಾಲರಿಗೆ ಅಂಟಿಕೊಂಡಿದ್ದವು, ಅವನ್ನೂ ಒಂದೊಂದಾಗಿ ಕಿತ್ತು ತೆಗೆದೆ.

ನಮ್ಮವ್ವನ ವಿಷಯ ನಿನಗೆ ನಾನಾಗಲಿ ಮಂಚಮ್ಮನಾಗಲಿ ಹೇಳಿರಲಿಕ್ಕಿಲ್ಲ. ಅವಳು ಊರಿನ ಒಂದು ದೊಡ್ಡ ಮನೆಯ ಕೊಟ್ಟಿಗೆ ಬಳಿಯಲು ಹೋಗುತ್ತಿದ್ದಳು. ಕೂಲಿ ಎಂದು ಕೊಡುತ್ತಿದ್ದದ್ದು ಹಿಂದಿನ ದಿನದ ಊಟ. ಹಿತ್ತಲ ಬಾಗಿಲಲ್ಲಿ ಇವಳು ಪಾತ್ರೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿದು ನಿಲ್ಲಬೇಕು, ಅವರು ಮೇಲಿನಿಂದ ಸುರಿಯಬೇಕು. ನಾನು ಬೇಲಿಯ ಹತ್ತಿರ ಕಾಯುತ್ತಿದ್ದೆ. ಹಳಸಿದ್ದರೆ ಅವಳು ಅದಕ್ಕೆ ಉಪ್ಪು, ಮೆಣಸಿನಕಾಯಿ ಹಾಕಿ ಕುದಿಸಿ “ಉಳಿ ಸಾರು ಕಣ್ಮಗ, ಉಣ್ಣು” ಎನ್ನುತ್ತಿದ್ದಳು. ನಾನು ಬಹಳ ದಿನ ಅದು ಹುಳಿ ಸಾರೇ ಎಂದು ನಂಬಿದ್ದೆ. ಐದನೇ ಕ್ಲಾಸಿನಲ್ಲಿ ಜೊತೆಯ ಹುಡುಗ, ಅದೇ ದೊಡ್ಡ ಮನೆಯವನು, ನಿನ್ನೆ ಅವರ ಮನೆಯಲ್ಲಿ ಏನು ಮಾಡಿದ್ದರು ಎಂದು ಹೇಳಿದ. ನಾನು ಅವತ್ತು ಬೆಳಿಗ್ಗೆ ಉಂಡದ್ದೂ ಅದೇ. ಅವತ್ತಿನಿಂದ ಯಾವ ಹುಳಿ ಬಾಯಿಗೆ ಬಿದ್ದರೂ ನನಗೆ ಆ ಹಿತ್ತಲ ಬಾಗಿಲು ಕಾಣುತ್ತದೆ. ಪವರ್‌ಹೌಸಿನಲ್ಲಿ ಕೆಲಸವಾದ ಮೊದಲ ತಿಂಗಳು ನಮ್ಮವ್ವನನ್ನು ಬ್ಲಫಿನ ಕ್ವಾರ್ಟರ್ಸಿಗೆ ಕರೆತಂದೆ. ಮಂಚಮ್ಮ ಬಿಸಿ ಅನ್ನ ಬಡಿಸಿದಾಗ ಅವಳು ಉಣ್ಣಲಿಲ್ಲ, ತಟ್ಟೆಯನ್ನು ಎತ್ತಿ ಆವಿಯನ್ನು ಮುಖಕ್ಕೆ ಹಿಡಿದುಕೊಂಡು ಕೂತಿದ್ದಳು. ಈ ಮನೆಯಲ್ಲಿ ನಿನ್ನೆಯದು ಇವತ್ತಿಗೆ ಬರಕೂಡದು ಎಂದು ಆ ದಿನ ನಾನು ಗಟ್ಟಿ ಮಾಡಿಕೊಂಡೆ. ಇದನ್ನು ನನ್ನ ತಪ್ಪಿಗೆ ನೆಪವಾಗಿ ಹೇಳುತ್ತಿಲ್ಲ. ನನ್ನ ಸಿಟ್ಟು ನಿನ್ನ ಮೇಲೆ ಹುಟ್ಟಿದ್ದಲ್ಲ, ಬಂದು ಬಿದ್ದದ್ದು ಮಾತ್ರ ನಿನ್ನ ಮೇಲೆ ಎಂಬುದು ನಿನಗೆ ತಿಳಿದಿರಲಿ ಎಂದು ಬರೆದೆ.

ಅವತ್ತಿನಿಂದ ನೀನು ಭಾನುವಾರದ ಅಡುಗೆ ನಿಲ್ಲಿಸಿದೆ. ಮೂರೂವರೆಗೆ ಎದ್ದು ಎಲ್ಲವನ್ನೂ ಬಿಸಿಬಿಸಿಯಾಗಿ ಮಾಡತೊಡಗಿದೆ. ಎಷ್ಟು ದಿನ ನಡೆದೀತು? ಮತ್ತೆ ಹೋಟೆಲು, ಮತ್ತೆ ಪಾರ್ಸಲು ಬಂತು. ಗಣಪತಿ ಹಬ್ಬ ಮುಗಿದ ವಾರ ಮಿಷನ್ನಿನ ಮುಂದೆ ನಿನಗೆ ತೂಕಡಿಕೆ ಬಂದು ಸೂಜಿ ಬೆರಳಿನೊಳಗೆ ಇಳಿಯಿತು. ಬ್ಯಾಂಡೇಜು ಸುತ್ತಿದ ಕೈಯಲ್ಲೇ ನೀನು ನನಗೆ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದೆ. ಅದನ್ನು ನೋಡಿಯೂ ನಾನು ಉಂಡೆ ಕಣವ್ವ.  ಅದಾಗಿ ಮೂರು ವಾರಕ್ಕೆ ನಿಮ್ಮವ್ವ ಬಿದ್ದ ಸುದ್ದಿ ಬಂತು. ನೀನು ಕೆಲಸವನ್ನೂ ಬಿಟ್ಟು ಬ್ಯಾಗು ತುಂಬಿಕೊಂಡು ಹೊರಟೆ. ಹೋಗುವುದು ನಿಮ್ಮವ್ವನಿಗಾಗಿಯೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಬಾಗಿಲು ದಾಟುವಾಗ ನಿನ್ನ ಹೆಗಲು ಹಗುರಾದ ಹಾಗೆ ನನಗೆ ಕಂಡಿತು.

ನೀನು ಹೋದ ಮೊದಲ ವಾರ ಮೂರು ಹೊತ್ತೂ ಹೋಟೆಲಿನಿಂದಲೇ ತಂದೆವು. ನಾಲ್ಕನೇ ದಿನ ನಾಗಶ್ರೀ ವಾಂತಿ ಮಾಡಿಕೊಂಡಳು. ಅವಳನ್ನು ಮಲಗಿಸಿ ಬಂದ ಕೆಂಪರಾಜುವಿಗೆ, ನಿನ್ನ ಹೆಂಡತಿ ಯಾವಾಗ ಬರುತ್ತಾಳೆ ಎಂದು ಕೇಳಿದೆ. ಅವನು ನನ್ನನ್ನು ಎಂದೂ ಎದುರಿಸಿ ಮಾತಾಡಿದವನಲ್ಲ. ಅವತ್ತು ಮಾತ್ರ ಗೋಡೆ ನೋಡಿಕೊಂಡು ಹೇಳಿದ. “ಅಪ್ಪಾ, ನೀನು ಅವತ್ತು ಚೆಲ್ಲಿದ್ದು ಬರೀ ಸಾರು ಅಂದ್ಕೊಂಡಿದೀಯ. ಅವ್ಳು ಬಿ.ಎಡ್ ಓದಬೇಕು ಅಂತ ವಾರ ವಾರ ಮಿಗಿಸ್ತಿದ್ಲು. ಮೇಷ್ಟ್ರಾಗ್ಬೇಕು ಅಂತ ಅವ್ಳ ಆಸೆ. ಇನ್ನೊಂದೆರಡು ತಿಂಗ್ಳು ಹಂಗೇ ನಡೆದಿದ್ರೆ ಮಂಡ್ಯದ ಕಾಲೇಜಿಗೆ ಮೊದಲ ಕಂತು ಕಟ್ಟೋದು. ಆಮೇಲೆ ಅದೂ ಹೋಟೆಲಿಗೇ ಹೋಯ್ತು ಬುಡು.”  ಸೊಸೆ ಬಿ.ಎ ಓದಿದವಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಮುಂದೆ ಏನು ಓದಬೇಕೆಂದಿದ್ದೀಯ ಎಂದು ಒಂದು ದಿನ ನಿನ್ನನ್ನು ಕೇಳಿದವನಲ್ಲ.

ಮಾರನೆಯ ದಿನ ಎದುರು ಮನೆಯ ಮರಿತಾಯಮ್ಮನ ಬಾಗಿಲಿಗೆ ಹೋದೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳಲ್ಲವೆ, ವಾರದ ಅಡುಗೆ ಒಟ್ಟಿಗೆ ಮಾಡುವುದು ಹೇಗೆ ಹೇಳಿಕೊಡು ತಾಯಿ ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು. ಅವಳೂ ಅವತ್ತು ಬಾಗಿಲಿಗೆ ಬಂದು ನಿಂತವಳೇ. “ಚೆಲ್ಲಾಕೆ ಯಾರತ್ರ ಕಲ್ತೆ ಬೋರಣ್ಣ? ಅವರತ್ರನೇ ಓಗಿ ಬೇಯ್ಸಾದೂ ಕಲೀ” ಅಂದಳು. ನಾನು ಅಲ್ಲೇ ಜಗಲಿಯ ಮೇಲೆ ಕೂತೆ. ಅವಳು ಒಳಗೆ ಹೋಗಿ ಒಂದು ಮೊರದ ತುಂಬ ಬೆಳ್ಳುಳ್ಳಿ ತಂದು ನನ್ನ ಮುಂದೆ ಇಟ್ಟಳು. “ಮೊದ್ಲು ಇದ ಬುಡ್ಸು.” ಆ ಮಧ್ಯಾಹ್ನವೆಲ್ಲ ಬಿಡಿಸಿದೆ. ಉಗುರಿನ ಸಂದು ಎರಡು ದಿನ ಉರಿಯಿತು.

ಮೊದಲ ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು ಅವಳು ಹೇಳಿದಂತೆ ಹುರುಳಿ ಬೇಯಿಸಿದೆ, ಸಾರು ಮಾಡಿದೆ, ಸೊಪ್ಪಿನ ಪಲ್ಯ ಮಾಡಿದೆ. ನಿನ್ನ ಹಾಗೆಯೇ ಚೀಟಿ ಅಂಟಿಸಿದೆ. ಕುದಿಯುತ್ತಿದ್ದುದನ್ನು ಹಾಗೇ ಡಬ್ಬಕ್ಕೆ ಹಾಕಿ ಬಿಗಿಯಾಗಿ ಮುಚ್ಚಿ, ಬೆವರು ಒರೆಸಿಕೊಂಡು ಅಲ್ಲೇ ನಿದ್ದೆ ಹೋದೆ. ಎಚ್ಚರವಾಗಿ ಫ್ರಿಜ್ಜಿಗೆ ಇಡುವ ಹೊತ್ತಿಗೆ ಬೆಳಗಾಗಿತ್ತು. ಮಧ್ಯಾಹ್ನ ಮುಚ್ಚಳ ತೆಗೆದರೆ ನೊರೆ ಕಟ್ಟಿತ್ತು, ಎಲ್ಲಾ ಡಬ್ಬವೂ. “ಬಿಸೀದ್ನ ಮುಚ್ಚಿ ವಲೆ ಪಕ್ಕ ಮಡಗಿದ್ರೆ ಅಳಸ್ದೆ ಇನ್ನೇನಾದದು? ಅಗಲವಾದ ಪಾತ್ರೆಗೆ ಉಯ್ದು ಆರಿಸ್ಬೇಕು, ಆರಿದ ತಕ್ಷಣ ಒಳಗಿಡಬೇಕು ಕಣಣ್ಣ” ಎಂದು ಮರಿತಾಯಮ್ಮ ಬೈದಳು. ಡಬ್ಬಗಳನ್ನು ಎತ್ತಿಕೊಂಡು ಚರಂಡಿಯ ಹತ್ತಿರ ಹೋದೆ. ಮೊದಲನೆಯದನ್ನು ಬಗ್ಗಿಸಿದಾಗ ನನ್ನ ಕೈ ಬರಲಿಲ್ಲ ಶಾಲಿನಿ. ಹಳಸಿದ್ದು, ಯಾರೂ ಉಣ್ಣಲಾಗದ್ದು, ಆದರೂ ಕೈ ಬರಲಿಲ್ಲ. ಸೊಪ್ಪು ಸೋಸಿದ್ದು, ಕಾಳು ಆರಿಸಿದ್ದು, ಕಾಲು ಮರಗಟ್ಟಿದ್ದು ಎಲ್ಲಾ ಅದರೊಳಗಿತ್ತು. ನಾನು ನಿನ್ನದನ್ನು ಚೆಲ್ಲಿದಾಗ ಅದು ಹಳಸಿಯೂ ಇರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಕೊನೆಗೆ ಮರಿತಾಯಮ್ಮನೇ ಬಂದು ಡಬ್ಬ ಈಸಿಕೊಂಡು ಚೆಲ್ಲಿ ತೊಳೆದುಕೊಟ್ಟಳು.

ಎರಡನೇ ಭಾನುವಾರದಿಂದ ಕೆಡಲಿಲ್ಲ. ಆದರೆ ಅದನ್ನು ಮಗನಿಗೂ ಮೊಮ್ಮಗಳಿಗೂ ಬಡಿಸಿ, ನನ್ನ ಮಟ್ಟಿಗೆ ಒಂದು ಪುಟ್ಟ ಪಾತ್ರೆಯಲ್ಲಿ ಆಯಾ ಹೊತ್ತಿಗೇ ಸಾರು ಮಾಡಿಕೊಳ್ಳುತ್ತಿದ್ದೆ. ಡಬ್ಬದ್ದನ್ನು ತಟ್ಟೆಗೆ ಹಾಕಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ. ಒಂದು ದಿನ ಹಾಲಿಗೆ ಹೆಪ್ಪು ಕೇಳಲು ಬಂದ ಮರಿತಾಯಮ್ಮ ಆ ಪುಟ್ಟ ಪಾತ್ರೆ ನೋಡಿ ಇದ್ಯಾರಿಗೆ ಎಂದಳು. ನಮ್ಮವ್ವನ ಕಥೆಯನ್ನು ಮಂಚಮ್ಮನ ನಂತರ ಮೊದಲ ಸಲ ಅವಳ ಮುಂದೆ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಬಿಡಲಿಲ್ಲ. “ನಿಮ್ಮವ್ವಂಗೆ ಅವ್ರು ಮಿಕ್ಕಿದ್ದ ಸುರುದ್ರು. ನಿನ್ ಸೊಸೆ ನಿಮ್ಗೆ ಅಂತ ಮಿಗ್ಸಿ ಮಡಗಿದ್ಲು. ಎಲ್ಡೂ ಒಂದೇನಣ್ಣ?” ಎಂದು ಹೆಪ್ಪು ತೆಗೆದುಕೊಂಡು ಹೋದಳು. ಆ ಮಧ್ಯಾಹ್ನ ಗುರುವಾರದ ಡಬ್ಬ ತೆಗೆದು ಕುದಿಸಿ ಮುದ್ದೆಯ ಜೊತೆ ಕೂತೆ. ಮೊದಲ ತುತ್ತನ್ನು ನೀರು ಕುಡಿದು ನುಂಗಿದೆ. ಎರಡನೆಯದು ಇಳಿಯಿತು. ಹುರುಳಿ ಸಾರಿನ ರುಚಿ ನಾಲ್ಕನೇ ದಿನಕ್ಕೆ ಇನ್ನೂ ಚೆನ್ನಾಗಿ ಹಿಡಿದಿರುತ್ತದೆ ಎಂದು ನನಗೆ ಈ ಅರವತ್ತೊಂಬತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ಈಗ ಭಾನುವಾರ ಕೆಂಪರಾಜುವೂ ಜೊತೆಗೆ ಕೂರುತ್ತಾನೆ. ಅವನು ಕಾಯಿ ತುರಿದು ಕೊಡುತ್ತಾನೆ, ನಾಗಶ್ರೀ ಕೂತು ಅವರೆಕಾಯಿ ಸುಲಿಯುತ್ತಾಳೆ, ಸುಲಿದದ್ದರಲ್ಲಿ ಕಾಲು ಪಾಲು ಬಾಯಿಗೇ ಹೋಗುತ್ತದೆ. ಒಂದು ದೊಡ್ಡ ಕುಕ್ಕರಿನಲ್ಲಿ ಬೇಳೆ ಬೆಂದರೆ ಅದರಲ್ಲೇ ಎರಡು ದಿನಕ್ಕೆ ಬೇಳೆ ಸಾರು, ಒಂದು ದಿನಕ್ಕೆ ಮಸ್ಸೊಪ್ಪು. ಬಸ್ಸಾರಿನ ಕಟ್ಟು ಒಂದು ಡಬ್ಬ, ಪಲ್ಯ ಇನ್ನೊಂದು. ನಾಲ್ಕು ದಿನ ದಾಟುವುದನ್ನು ಮೇಲೆ ಐಸಾಗುವ ಖಾನೆಗೆ ಇಡುತ್ತೇನೆ. ಮುದ್ದೆ ಮಾತ್ರ ಆಯಾ ಹೊತ್ತಿಗೇ. ಅದನ್ನು ಗಂಟಿಲ್ಲದಂತೆ ತಿರುವಲು ಇನ್ನೂ ಪೂರ್ತಿ ಬಂದಿಲ್ಲ, ನಿಮ್ಮತ್ತೆ ಇದ್ದಿದ್ದರೆ ನಕ್ಕು ಕೋಲು ಕಿತ್ತುಕೊಳ್ಳುತ್ತಿದ್ದಳು. ಹೋಟೆಲಿಗೆ ಹೋಗುತ್ತಿದ್ದ ದುಡ್ಡನ್ನು ಕೆಂಪರಾಜು ನೀನು ಓದಿಗೆಂದು ಮಿಗಿಸಿಡುತ್ತಿದ್ದ ಹಳೆಯ ಡಬ್ಬಿಗೇ ಹಾಕುತ್ತಿದ್ದಾನೆ. ಅದು ದೊಡ್ಡ ಗಂಟೇನಲ್ಲ. ಆದರೆ ಆರು ವಾರದಲ್ಲಿ ಈ ಮನೆಯಲ್ಲಿ ಅಷ್ಟು ಮಿಗುತ್ತದೆಂದರೆ, ನೀನು ಒಬ್ಬಳೇ ಎಷ್ಟು ಮಿಗಿಸಿದ್ದೆ, ನಾವು ಎಷ್ಟನ್ನು ಕಳೆದೆವು ಎಂಬುದು ತಿಳಿಯುತ್ತದೆ.

ತಪ್ಪಾಯಿತು ಕಣವ್ವ. ಬೀದಿಯವರ ಮುಂದೆ ತಪ್ಪು ಮಾಡಿದೆ, ಆದ್ದರಿಂದ ಈ ಮಾತನ್ನು ಮರಿತಾಯಮ್ಮನ ಮುಂದೆಯೂ ಹೇಳಿದೆ, ಮಳವಳ್ಳಿಗೆ ಹೋಗಿ ಜವರಯ್ಯನ ಮುಂದೆಯೂ ಹೇಳಿ ಬಂದೆ. ನೀನು ಮನ್ನಿಸಲೇಬೇಕೆಂದು ನಾನು ಕೇಳುವುದಿಲ್ಲ. ನಮ್ಮವ್ವ ಆ ದೊಡ್ಡ ಮನೆಯವರನ್ನು ಮನ್ನಿಸಿದ್ದಳೋ ಇಲ್ಲವೋ ಎಂದು ನಾನು ಎಂದೂ ಕೇಳಲಿಲ್ಲ, ಕೇಳುವ ಹಕ್ಕು ಯಾರಿಗೂ ಇಲ್ಲ ಎಂದು ಅನ್ನಿಸುತ್ತಿತ್ತು. ಮನೆಗೆ ಬಾ ಎಂದು ಕರೆಯಲು ಬರೆದದ್ದೂ ಅಲ್ಲ. ಬರುವುದು ನಿನ್ನ ಮನಸ್ಸಿಗೆ ಬಂದಾಗ.

ನಿಮ್ಮವ್ವನಿಗೆ ನನ್ನ ನಮಸ್ಕಾರ ತಿಳಿಸು. ಅವರು ಬೇಗ ಎದ್ದು ಓಡಾಡಲಿ. ನಿನ್ನ ಕೈಗೆ ಬಲ ಬರಲಿ, ನಿನ್ನ ಓದು ಊರ್ಜಿತವಾಗಲಿ. ನಾಗಶ್ರೀ ಮುನಿಸಿನಲ್ಲೇ ನಿನಗೆ ಒಂದು ಮುತ್ತು ಕಳಿಸಿದ್ದಾಳೆ.

ನಿನ್ನ ಮಾವ,
ಚಿಕ್ಕಬೋರಯ್ಯ

ಕಾಗದ ಮುಗಿಸಿದ ಮೇಲೆ ಇದು ತಿಳಿಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ: ನೀನು ಅರ್ಜಿ ಹಾಕಿದ್ದ ಮಂಡ್ಯದ ಕಾಲೇಜಿನಲ್ಲಿ ನಿನ್ನ ಹೆಸರು ಬಂದಿದೆ. ನಿಮ್ಮವ್ವನನ್ನು ಬಿಟ್ಟು ಹೋಗಲಾಗದೆಂದು ಅದನ್ನು ಬೇಡ ಎಂದೆಯಂತೆ, ಕೆಂಪರಾಜು ಇವತ್ತು ಹೇಳಿದ. ಫೀಸು ಕಟ್ಟಲು ಗುರುವಾರ ಕೊನೆ ದಿನ. ಡಬ್ಬಿಯಲ್ಲಿ ಇದ್ದದ್ದಕ್ಕೆ ನನ್ನ ಪೆನ್ಷನ್ ಸೇರಿಸಿದರೆ ಮೊದಲ ಕಂತು ಆಗುತ್ತದೆ, ನಾಳೆ ಅವನ ಕೈಲಿ ಕಳಿಸುತ್ತೇನೆ. ನಾನು ಬುಧವಾರ ಬೆಳಿಗ್ಗೆಯ ಬಸ್ಸಿಗೆ ಕೆರಗೋಡಿಗೆ ಬಂದು ನಿಮ್ಮವ್ವ ವಾಕರ್ ಬಿಟ್ಟು ನಡೆಯುವ ತನಕ ವಾರದ ದಿನಗಳಲ್ಲಿ ಅಲ್ಲೇ ಇರುತ್ತೇನೆ. ಅವರ ಮೈಕೈ ನೋಡಿಕೊಳ್ಳಲು ಪಕ್ಕದ ಮನೆಯ ಹೆಣ್ಣುಮಗಳನ್ನು ಕೇಳಿಕೋ, ಅಡುಗೆ, ಮಾತ್ರೆ, ಬಿಸಿನೀರು ನನಗೆ ಬಿಡು. ಇಲ್ಲಿನ ವಾರದ ಡಬ್ಬಗಳು ಇವತ್ತೇ ತುಂಬಿವೆ, ಕೆಂಪರಾಜು ಸಂಜೆ ಬೇಗ ಬರಲೆಂದು ಫೋನಿನಲ್ಲೇ ಬೆಳಗಿನ ಶಿಫ್ಟು ಕೇಳಿ ಪಡೆದಿದ್ದಾನೆ, ಬೆಳಿಗ್ಗೆ ನಾಗಶ್ರೀಯನ್ನು ಶಾಲೆಗೆ ಕರೆದೊಯ್ದು, ಶಾಲೆ ಬಿಟ್ಟ ಮೇಲೆ ಅವನು ಬರುವ ತನಕ ಮರಿತಾಯಮ್ಮ ನೋಡಿಕೊಳ್ಳುತ್ತಾಳೆ. ಬೀಗರ ಮನೆಯಲ್ಲಿ ಗಂಡಿನ ತಂದೆ ಒಲೆ ಮುಂದೆ ಕೂತವ್ನೆ ಎಂದು ಊರವರು ಆಡಿಕೊಂಡರೆ ಆಡಿಕೊಳ್ಳಲಿ. ನೀನು ಕಾಲೇಜಿಗೆ ಹೋಗು. ನಿಮ್ಮವ್ವನಿಗೆ ಸಾರಿಗೆ ಖಾರ ಎಷ್ಟಿರಬೇಕು, ಅದೊಂದು ಮಾತ್ರ ಕೆಂಪರಾಜುವಿನ ಕೈಲಿ ಹೇಳಿ ಕಳಿಸು.